ಕೆಂಗೇರಿಗೆ ಹೋಗಿಬಂದ ಓಟು

ಎಪ್ಪತ್ತೇಳರ ಮಾರ್ಚ್ ತಿಂಗಳಲ್ಲಿ ಲೋಕಸಭೆಗೆ ಮತದಾನ ನಡೆದ ದಿನ, ಬೆಳಿಗ್ಗೆ ಏಳೂಕಾಲಿಗೆ, ನಾನೂ ನನ್ನ ದೊಡ್ಡಮ್ಮ ಗಂಗಮ್ಮನೂ ರಾಜಾಜಿನಗರದ ನಮ್ಮ ಮನೆಯಿಂದ ಕೆಂಗೇರಿಗೆ ಹೊರಟೆವು. ಹೆಚ್ಚೆಂದರೆ ಹದಿನಾಲ್ಕು ಕಿಲೋಮೀಟರಿನ ದಾರಿ. ಇದನ್ನು ಪ್ರವಾಸ ಅಂದರೆ ನೀವು ನಗಬಹುದು. ಆಮೇಲೆ ನಾನು ರೈಲು ಹತ್ತಿ ಕಾಶಿಯವರೆಗೂ ಹೋಗಿಬಂದಿದ್ದೇನೆ, ಅದರಲ್ಲಿ ಅರ್ಧಕ್ಕರ್ಧ ಮರೆತುಹೋಗಿದೆ. ಈ ಹದಿನಾಲ್ಕು ಕಿಲೋಮೀಟರಿನಲ್ಲಿ ಮಾತ್ರ ಒಂದು ಮಾತೂ ಮರೆತಿಲ್ಲ.

ಓಟು ಇದ್ದದ್ದು ದೊಡ್ಡಮ್ಮನಿಗೆ, ನನಗಲ್ಲ. ಆಗ ಇಪ್ಪತ್ತೊಂದು ತುಂಬದೆ ಓಟಿರಲಿಲ್ಲ. ನನಗೆ ಇಪ್ಪತ್ತು. ಬಿ.ಎಸ್‌ಸಿ. ಕೊನೆಯ ವರ್ಷ, ಮುಂದಿನ ತಿಂಗಳು ಪರೀಕ್ಷೆ. ಓದುವುದು ಬಿಟ್ಟು ಒಂದೂವರೆ ತಿಂಗಳಿಂದ ಸಿಕ್ಕವರಿಗೆಲ್ಲ ಓಟಿನ ಪಾಠ ಹೇಳುತ್ತಿದ್ದೆ. ತುರ್ತು ಪರಿಸ್ಥಿತಿಯಲ್ಲಿ ಭಾಷಣಗಳೇ ಇಲ್ಲದ ಎರಡು ವರ್ಷ ಕಳೆದು ಊರಿಗೆ ಮತ್ತೆ ಬಾಯಿ ಬಂದಿತ್ತು. ಜನ ಈಗಲಾದರೂ ಯೋಚನೆ ಮಾಡಿ ಓಟು ಹಾಕುತ್ತಾರೆ ಅಂದುಕೊಂಡಿದ್ದೆ. ಕೇಳಿದರೆ ಒಬ್ಬ ಜಾತಿ ಹೇಳುತ್ತಿದ್ದ, ಇನ್ನೊಬ್ಬ ಅಭ್ಯರ್ಥಿಯ ಮೀಸೆ ಹೇಳುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಪಕ್ಕದ ಬೀದಿಯ ಗೆಳೆಯನೊಬ್ಬ ಒಂದು ದಿನ, "ಏನ್ ಗುರು, ಓಟೇ ಇಲ್ದೋನು ಊರಿಗೆಲ್ಲ ಭಾಷಣ ಮಾಡ್ತೀಯ" ಅಂತ ಛೇಡಿಸಿದ. ಎರಡು ದಿನ ಅವನ ಜೊತೆ ಮಾತು ಬಿಟ್ಟೆ.

ದೊಡ್ಡಮ್ಮನೆಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಮಕ್ಕಳಿಲ್ಲ. ದೊಡ್ಡಪ್ಪ ಕೆಂಗೇರಿಯ ಮರದ ಡಿಪೋ ಒಂದರಲ್ಲಿ ಕೆಲಸಕ್ಕಿದ್ದರು. ಅವರು ತೀರಿಕೊಂಡ ಮೇಲೆ ಆಕೆ ನಮ್ಮ ಮನೆಗೆ ಬಂದು ಎರಡು ವರ್ಷವಾಗಿತ್ತು. ಹೆಸರು ಮಾತ್ರ ಕೆಂಗೇರಿಯ ಪಟ್ಟಿಯಲ್ಲೇ ಉಳಿದಿತ್ತು. ಹಿಂದೆ ಮೂರು ಸಲ ಓಟು ಹಾಕಿದ್ದಳು. ಮೂರು ಸಲವೂ ದೊಡ್ಡಪ್ಪ ಬೆಂಕಿಪೊಟ್ಟಣದ ಬೆನ್ನಿಗೆ ಗುರುತಿನ ಚಿತ್ರ ಬರೆದು ಕೈಗೆ ಕೊಡುತ್ತಿದ್ದರಂತೆ, ಈಕೆ ಅದನ್ನು ನೋಡಿಕೊಂಡು ಸೀಲು ಒತ್ತಿ ಬರುತ್ತಿದ್ದಳಂತೆ. "ಅವರ ಓಟನ್ನ ಎರಡು ಸಲ ಹಾಕ್ದಂಗೆ ಅಷ್ಟೇ" ಅಂತ ಒಂದು ರಾತ್ರಿ ಊಟಕ್ಕೆ ಕೂತಾಗ ತಾನಾಗಿಯೇ ಅಂದಳು. "ನನ್ನದು ಅಂತ ಒಂದೂ ಹಾಕಿಲ್ಲ ಕಣೋ ಚಂದ್ರ."

ಆ ಮಾತು ನನ್ನನ್ನು ಹಿಡಿದುಕೊಂಡಿತು. ಇಡೀ ಊರನ್ನು ತಿದ್ದುವುದಕ್ಕಾಗದಿದ್ದರೆ ಬೇಡ, ಒಂದೇ ಒಂದು ಓಟಾದರೂ ತಿಳಿದು ಬೀಳಲಿ ಎಂದು ಹಟ ಹಿಡಿದೆ. ಅಕ್ಷರ ಕಲಿಸುವುದು ಅದಕ್ಕೂ ಮೊದಲೇ ಶುರುವಾಗಿತ್ತು, ಅದಕ್ಕೆ ಕಾರಣ ಬೇರೆ. ದೊಡ್ಡಮ್ಮ ನಮ್ಮ ಬಡಾವಣೆಯ ಹೊಲಿಗೆ ಕೇಂದ್ರದಿಂದ ಶಾಲೆ ಮಕ್ಕಳ ಚಡ್ಡಿ, ಲಂಗ ತಂದು ಮನೆಯಲ್ಲೇ ಹೊಲಿದುಕೊಡುತ್ತಿದ್ದಳು. ಹೊಲಿದ ಪ್ರತಿ ಕಟ್ಟಿಗೂ ಒಂದು ಚೀಟಿ. ಚೀಟಿಗೆ ಮೇಲ್ವಿಚಾರಕಿ ಸೀಲು ಹಾಕುತ್ತಾಳೆ, ಸೀಲಿನ ಪಕ್ಕ ಹೊಲಿದವಳು ಸಹಿ ಮಾಡಬೇಕು. ಬರೀ ಸೀಲಿದ್ದರೆ ಆ ಕಟ್ಟು ಯಾರದು ಅಂತ ಹೇಳುವವರಿಲ್ಲ. ಒಂದು ಸಲ ದೊಡ್ಡಮ್ಮ ಹೊಲಿದ ಕಟ್ಟು ಹಾಗೆಯೇ ಬೇರೆಯವಳ ಹೆಸರಿಗೆ ಹೋಗಿಬಿಟ್ಟಿತ್ತು. ಹೆಬ್ಬೆಟ್ಟು ಒತ್ತಬಹುದಿತ್ತು, ಆದರೆ ಹೆಬ್ಬೆಟ್ಟಿನವರನ್ನು ಅಲ್ಲಿ ಬೇರೆ ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಹಾಗಾಗಿ ನಾನು ಸ್ಲೇಟು ತಂದೆ. ದಿನಾ ಸಂಜೆ ಒಂದು ಗಂಟೆ ಕೂರಿಸಿ ಬರೆಸಿದೆ. "ನೋಡು ದೊಡ್ಡಮ್ಮ, ಸಹಿ ಇಲ್ಲದ ಕಾಗದ ಯಾರ ಕಾಗದಾನೂ ಅಲ್ಲ" ಅಂತ ದೊಡ್ಡ ಮೇಷ್ಟರ ಹಾಗೆ ಹೇಳಿದ್ದೆ. ನಾಲ್ಕು ತಿಂಗಳಲ್ಲಿ ಗಂಗಮ್ಮ ಅಂತ ಬರೆಯುವುದನ್ನು ಕಲಿತಳು, ಆಮೇಲೆ ಅಂಗಡಿಯ ಬೋರ್ಡುಗಳನ್ನು ಕೂಡಿಸಿ ಓದುವುದನ್ನೂ ಕಲಿತಳು.

ಚುನಾವಣೆ ಬಂದಾಗ ಎರಡು ಕಡೆಯ ಸಭೆಗೂ ಆಕೆಯನ್ನು ಕರೆದುಕೊಂಡು ಹೋದೆ. ಕರಪತ್ರಗಳನ್ನು ಓದಿಸಿದೆ. ಒಂದೊಂದು ಸಾಲಿಗೆ ಐದು ನಿಮಿಷ ಹಿಡಿಯುತ್ತಿತ್ತು. ಓದಿ ಮುಗಿಸಿದ್ದನ್ನು ಮಡಿಸಿ ಇಡುತ್ತಿದ್ದಳು. "ಯಾರಿಗೆ ಹಾಕ್ತೀಯ?" ಅಂದರೆ, "ಗುಟ್ಟು ಅಂತ ನೀನೇ ಹೇಳಿದ್ಯಲ್ಲ, ಹೋಗೋ" ಅನ್ನುವಳು. ಸೀಲನ್ನು ಹೇಗೆ ಹಿಡಿಯಬೇಕು, ಶಾಯಿ ಆರುವ ತನಕ ಹೇಗೆ ಊದಬೇಕು, ಗುರುತು ಇನ್ನೊಂದು ಕಡೆ ಮೂಡದ ಹಾಗೆ ಚೀಟಿಯನ್ನು ಉದ್ದಕ್ಕೆ ಹೇಗೆ ಮಡಿಸಬೇಕು, ಎಲ್ಲವನ್ನೂ ಹಳೆಯ ಪೇಪರು ಇಟ್ಟುಕೊಂಡು ತೋರಿಸಿಕೊಟ್ಟಿದ್ದೆ.

ಆವತ್ತು ಸಿಟಿ ಬಸ್ಸುಗಳಲ್ಲಿ ಅರ್ಧದಷ್ಟು ಚುನಾವಣೆ ಕೆಲಸಕ್ಕೆ ಹೋಗಿದ್ದವು. ಮಾಗಡಿ ರಸ್ತೆಯಲ್ಲಿ ಇಪ್ಪತ್ತು ನಿಮಿಷ ಕಾದು, ಒಂದೂ ಬರದೆ, ನಡೆದೇಬಿಡೋಣ ಅಂತ ವಿಜಯನಗರದ ದಾರಿ ಹಿಡಿದೆವು. ಬಾಪೂಜಿನಗರಕ್ಕೆ ಹೋಗಿ ಮೈಸೂರು ರಸ್ತೆ ಮುಟ್ಟಿದರೆ ಕೆಂಗೇರಿ ಬಸ್ಸು ಏನಾದರೂ ಸಿಗುತ್ತದೆ ಅನ್ನುವ ಲೆಕ್ಕಾಚಾರ. ವಿಜಯನಗರದಲ್ಲಿ ಆಗ ಮನೆಗಳಿಗಿಂತ ಸೈಟುಗಳ ಕಲ್ಲುಗಳೇ ಹೆಚ್ಚು. ಹೊಂಗೆ ಮರಗಳು ಹೊಸದಾಗಿ ಚಿಗುರಿದ್ದವು, ಬಿಸಿಲು ಇನ್ನೂ ಏರಿರಲಿಲ್ಲ. ದೊಡ್ಡಮ್ಮ ಹಣೆಗೆ ವಿಭೂತಿ ಧರಿಸಿ, ಹಬ್ಬಕ್ಕೆಂದು ಇಟ್ಟಿದ್ದ ಇಳಕಲ್ ಸೀರೆ ಉಟ್ಟಿದ್ದಳು. ಕೈಚೀಲದಲ್ಲಿ ನಾಲ್ಕು ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಸೀಸೆ ನೀರು. ಜೊತೆಗೆ ನನ್ನ ಇಂಕ್ ಪೆನ್ನು. ಮತಗಟ್ಟೆಯಲ್ಲಿ ಚೀಟಿ ಕೊಡುವ ಮುಂಚೆ ಅವರ ಪುಸ್ತಕದಲ್ಲಿ ಸಹಿ ಕೇಳುತ್ತಾರೆ, ಅಲ್ಲಿ ಯಾವುದೋ ಕೆಟ್ಟ ಪೆನ್ನು ಕೊಟ್ಟರೆ ದೊಡ್ಡಮ್ಮನ ಅಕ್ಷರ ಕೆಡುತ್ತದೆ ಅಂತ ನಾನೇ ಶಾಯಿ ತುಂಬಿಸಿ ಕೊಟ್ಟಿದ್ದೆ. ಪರೀಕ್ಷೆಗೆ ಅಂತ ಅಪ್ಪ ಕೊಡಿಸಿದ್ದ ಪೆನ್ನು ಅದು.

ದಾರಿಯುದ್ದಕ್ಕೂ ಕಂಡ ಬೋರ್ಡುಗಳನ್ನೆಲ್ಲ ಓದುತ್ತ ಬಂದಳು. ಸೌದೆ ಡಿಪೋ, ಹಿಟ್ಟಿನ ಗಿರಣಿ, ಸೈಕಲ್ ಶಾಪು. ಒಂದು ಗೋಡೆಯ ಮೇಲಿನ ಚುನಾವಣೆ ಬರಹವನ್ನು ನಿಂತು ಓದಿ, "ಇಷ್ಟು ದಿನ ಇವನ್ನೆಲ್ಲ ಬರೀ ಸುಣ್ಣಬಣ್ಣ ಅಂದ್ಕೊಂಡಿದ್ದೆ ನೋಡು" ಅಂದಳು. ನನಗೆ ಎಷ್ಟು ಜಂಬ ಬಂತೆಂದರೆ, ಬಾಪೂಜಿನಗರ ಬಂದದ್ದೇ ಗೊತ್ತಾಗಲಿಲ್ಲ.

ಅಲ್ಲಿ ಒಂಬತ್ತು ಗಂಟೆಗೆ ಬಸ್ಸು ಸಿಕ್ಕಿತು. ತಲೆಗೆ ಅರವತ್ತು ಪೈಸೆ. ನನ್ನ ಪಕ್ಕ ಇಸ್ತ್ರಿ ಮಾಡಿದ ಷರಟು ತೊಟ್ಟ ಒಬ್ಬ ಗುಮಾಸ್ತರು ಕೂತಿದ್ದರು. ಓಟು ಹಾಕುವುದಕ್ಕೆ ಹೊರಟಿರಾ ಅಂತ ಕೇಳಿದೆ.

"ಇಲ್ಲಪ್ಪ, ರಜಾ ಇದೆಯಲ್ಲ, ಬಿಡದಿಗೆ ಹೆಂಡ್ತಿ ಮನೆಗೆ ಹೋಗ್ತಾ ಇದೀನಿ. ಕೆಂಗೇರೀಲಿ ಬಸ್ ಬದಲಾಯಿಸ್ಬೇಕು."

"ಓಟು ಎಲ್ಲಿದೆ ಸಾರ್?"

"ಕುರುಬರಹಳ್ಳೀಲಿ. ನನ್ನೊಬ್ಬನ ಓಟಿಂದ ಏನಾಗುತ್ತೆ ಬಿಡಿ."

ನಾನು ಬಿಡಲಿಲ್ಲ. ನಾಯಂಡಹಳ್ಳಿ ದಾಟುವವರೆಗೂ ವಾದ ಮಾಡಿದೆ. ನಿಮ್ಮಂಥ ಓದಿದವರೇ ಹೀಗಂದರೆ ದೇಶದ ಗತಿ ಏನು ಸಾರ್ ಅಂದೆ. ಅವರು ಕಿಟಕಿಯ ಕಡೆ ತಿರುಗಿ ಕೂತರು. ಹೊರಗೆ ವೃಷಭಾವತಿ ಹೊಳೆ ಕಪ್ಪಗೆ, ನೊರೆ ಕಟ್ಟಿಕೊಂಡು ಹರಿಯುತ್ತಿತ್ತು. ದೊಡ್ಡಮ್ಮ ನನ್ನ ಮೊಣಕೈ ತಿವಿದು, "ಅವರಿಗೆ ಅವರ ಹೆಂಡ್ತಿ ಮನೆ ದೊಡ್ಡದು. ಸುಮ್ನಿರು" ಅಂದಳು. ಕಂಡಕ್ಟರು ನಕ್ಕ.

ಹತ್ತಕ್ಕೆ ಹತ್ತು ನಿಮಿಷವಿದ್ದಾಗ ಕೆಂಗೇರಿಯಲ್ಲಿ ಇಳಿದೆವು. ಮತಗಟ್ಟೆ ಇದ್ದದ್ದು ಊರೊಳಗಿನ ಹಳೆಯ ಪ್ರೈಮರಿ ಶಾಲೆಯಲ್ಲಿ. ಹೆಂಗಸರ ಸಾಲು ಬಾವಿಕಟ್ಟೆಯ ತನಕ ಬೆಳೆದಿತ್ತು. ಶಾಲೆಯ ಗೇಟಿನ ಬಳಿ ಒಂದು ಅರಳಿಮರ. ಅದನ್ನು ಕಂಡು ದೊಡ್ಡಮ್ಮ ಒಂದು ಗಳಿಗೆ ನಿಂತಳು. "ನಾನು ಹಾಕಿ ಬರೋ ತನಕ ನಿಮ್ಮ ದೊಡ್ಡಪ್ಪ ಇಲ್ಲೇ ನಿಂತಿರೋರು. ಹಾಕಿದ್ಯಾ, ಸರಿಯಾಗಿ ಹಾಕಿದ್ಯಾ ಅಂತ ಕೇಳೋರು" ಅಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ಸಾಲಿನಲ್ಲಿ ಆಕೆಯ ಮುಂದೆ ನಿಂತಿದ್ದವಳು ಪುಟ್ಟಮ್ಮ, ಹಿಂದೆ ಪಕ್ಕದ ಮನೆಯಲ್ಲಿದ್ದವಳು. ಇಬ್ಬರಿಗೂ ಬಹಳ ಖುಷಿಯಾಯಿತು. ಕೋಳಿಗಳ ವಿಷಯ, ಸೊಸೆಯ ವಿಷಯ ಎಲ್ಲ ಆದಮೇಲೆ ನಾನು ತಡೆಯಲಾರದೆ ಬಾಯಿ ಹಾಕಿದೆ.

"ಯಾರಿಗೆ ಅಂತ ಹೇಳ್ಬೇಡಿ ಪುಟ್ಟಮ್ಮ. ಯೋಚನೆ ಮಾಡಿ ಬಂದಿದೀರಾ, ಅಷ್ಟು ಹೇಳಿ."

"ಅದರಲ್ಲಿ ಯೋಚ್ನೆ ಏನ್ ಬಂತಪ್ಪ," ಅಂದಳು ಪುಟ್ಟಮ್ಮ. "ಹೋದ್ಸಲ ಮೇಲಿದ್ದ ಮೊದಲನೇದಕ್ಕೆ ಒತ್ತಿದ್ದೆ. ಈ ಸಲ ಕೊನೇದಕ್ಕೆ ಒತ್ತೋದು. ಪಾಪ, ಕೆಳಗಿರೋವ್ರಿಗೂ ಯಾರಾದ್ರೂ ಹಾಕ್ಬೇಕಲ್ವಾ."

"ಕೊನೇಲಿ ಇರೋದು ಯಾರು ಅಂತ ಗೊತ್ತಾ?"

"ಯಾರಾದ್ರೇನು. ನಮಗೇನು ಅವರು ಹೆಣ್ಣು ಕೊಡ್ತಾರಾ?"

ಸಾಲೆಲ್ಲ ನಕ್ಕಿತು. ನನಗೆ ತಲೆ ಕೆಟ್ಟುಹೋಯಿತು. ಇಂಥವರಿಗೆ ಓಟು ಕೊಟ್ಟು, ದಿನಾ ಪೇಪರು ಓದುವ ನನ್ನನ್ನು ಗೇಟಿನ ಹೊರಗೆ ನಿಲ್ಲಿಸುತ್ತಾರಲ್ಲ ಅಂತ ಕೂಗಾಡಬೇಕು ಅನ್ನಿಸಿತು. ಸ್ವಲ್ಪ ಕೂಗಾಡಿದೆ ಕೂಡ. ಪೊಲೀಸಿನವರು ಬಂದು, "ಓಟು ಇಲ್ದೋರು ಆಚೆ ನಿಲ್ಲಪ್ಪ" ಅಂತ ನನ್ನನ್ನು ಅರಳಿಮರದ ಕೆಳಗೆ ಕಳಿಸಿದರು. ಹಿಂದೆ ದೊಡ್ಡಪ್ಪ ನಿಲ್ಲುತ್ತಿದ್ದ ಜಾಗ.

ಅಲ್ಲಿಂದ ಮತಗಟ್ಟೆಯ ಬಾಗಿಲು ನೇರವಾಗಿ ಕಾಣುತ್ತಿತ್ತು. ಪುಟ್ಟಮ್ಮ ಒಳಗೆ ಹೋಗಿ ಅರ್ಧ ನಿಮಿಷದಲ್ಲಿ ಹೊರಗೆ ಬಂದಳು. ದೊಡ್ಡಮ್ಮನ ಸರದಿ ಬಂತು. ಪುಸ್ತಕದ ಮೇಲೆ ಬಗ್ಗಿ ಸಹಿ ಮಾಡಿದ್ದು ಕಂಡಿತು. ಬೆರಳಿಗೆ ಗುರುತು ಹಚ್ಚಿಸಿಕೊಂಡು, ಚೀಟಿ ಮತ್ತು ಸೀಲು ಹಿಡಿದು ಮರೆಗೆ ಹೋದಳು. ಮರೆಯ ಕೆಳಗೆ ಆಕೆಯ ಪಾದಗಳಷ್ಟೇ ಕಾಣುತ್ತಿದ್ದವು. ಒಂದು ನಿಮಿಷವಾಯಿತು, ಎರಡಾಯಿತು. ಸಾಲಿನಲ್ಲಿ ಗೊಣಗಾಟ ಶುರುವಾಯಿತು. ಒಳಗಿನ ಅಧಿಕಾರಿ, "ಏನಮ್ಮ, ಆಯ್ತಾ?" ಅಂತ ಕೇಳಿದ್ದು ನನ್ನವರೆಗೂ ಕೇಳಿಸಿತು. "ಆಯ್ತು ಸ್ವಾಮಿ, ಒಂದು ಚೂರು ಆರಲಿ" ಅಂದಳು. ನನ್ನ ಎದೆ ಉಬ್ಬಿತು. ಒಂದೊಂದೇ ಹೆಸರು ಓದುತ್ತಿದ್ದಾಳೆ, ಊದಿ ಆರಿಸುತ್ತಿದ್ದಾಳೆ, ನಾನು ಹೇಳಿಕೊಟ್ಟ ಹಾಗೆಯೇ ಮಾಡುತ್ತಿದ್ದಾಳೆ ಅಂದುಕೊಂಡೆ. ಈ ಶಾಲೆಯಲ್ಲಿ ಆವತ್ತು ಬಿದ್ದ ಓಟುಗಳಲ್ಲಿ ಒಂದಾದರೂ ತಿಳಿದು ಹಾಕಿದ್ದು ಇದೆ ಅಂತ ಸಮಾಧಾನವಾಯಿತು.

ಹೊರಗೆ ಬಂದವಳ ಮುಖ ನೋಡಬೇಕಿತ್ತು. ಎಡಗೈ ತೋರುಬೆರಳಲ್ಲಿ ಚುನಾವಣೆಯ ಕಪ್ಪು ಗುರುತು, ಬಲಗೈ ಬೆರಳುಗಳಲ್ಲಿ ನನ್ನ ಪೆನ್ನಿನ ನೀಲಿ. ಸ್ಟೇಷನ್ ಕಡೆಯ ರಸ್ತೆಯಲ್ಲಿ ಒಂದು ಕಲ್ಲುಬೆಂಚಿನ ಮೇಲೆ ಕೂತು ರೊಟ್ಟಿ ತಿಂದೆವು. ಹತ್ತು ಪೈಸೆಗೊಂದರಂತೆ ಎರಡು ಲೋಟ ಮಜ್ಜಿಗೆ ಕೊಂಡೆವು. ದೊಡ್ಡಪ್ಪ ಕೆಲಸ ಮಾಡುತ್ತಿದ್ದ ಡಿಪೋ ನೋಡಬೇಕೆಂದಳು, ಹೊರಗಿನಿಂದಲೇ ನೋಡಿ ಬಂದೆವು. ಬೋರ್ಡಿನ ಹೆಸರನ್ನು ಕೂಡಿಸಿ ಓದಿ, "ಹದಿನೆಂಟು ವರ್ಷ ಇಲ್ಲಿಗೆ ಬುತ್ತಿ ತಂದಿದೀನಿ, ಇದರ ಹೆಸರು ಇವತ್ತು ಗೊತ್ತಾಯ್ತು" ಅಂದಳು.

ವಾಪಸು ಬಸ್ಸು ಸಿಕ್ಕಾಗ ಹನ್ನೆರಡೂವರೆ. ಬಿಸಿಲು ಚುರುಗುಟ್ಟುತ್ತಿತ್ತು. ಬಸ್ಸು ತುಂಬ ಓಟು ಹಾಕಿ ಬಂದ ಜನ. ಇಬ್ಬರಿಗೂ ಹಿಂದಿನ ಸೀಟು ಸಿಕ್ಕಿತು.

"ಈ ಸಲದ್ದು ಕಳೆದುಹೋಗಲ್ಲ ಬಿಡು," ಅಂದಳು ದೊಡ್ಡಮ್ಮ.

"ಯಾವುದು?"

"ನನ್ನ ಓಟು. ಸಹಿ ಹಾಕಿದೀನಲ್ಲ."

"ಅದು ಎಲ್ಲರೂ ಹಾಕ್ತಾರೆ ದೊಡ್ಡಮ್ಮ, ಅವರ ಪುಸ್ತಕದಲ್ಲಿ."

"ಪುಸ್ತಕದ್ದಲ್ಲ ಕಣೋ. ಚೀಟೀಲಿ. ಸೀಲು ಒತ್ತಿ, ಪಕ್ಕದಲ್ಲಿ ಗಂಗಮ್ಮ ಅಂತ ಬರೆದೆ. ದುಂಡಗೆ ಬಂತು. ಅದು ಆರೋದಕ್ಕೇ ಅಷ್ಟು ಹೊತ್ತಾಯ್ತು."

ಹಾಕಿದವರು ಯಾರೆಂದು ಗೊತ್ತಾಗುವಂತೆ ಏನೇ ಬರೆದಿದ್ದರೂ ಆ ಚೀಟಿ ತಿರಸ್ಕೃತ. ಈ ನಿಯಮ ನನಗೆ ಗೊತ್ತಿತ್ತು. ಕಾಲೇಜಿನಲ್ಲಿ ನಾಲ್ಕು ಜನರ ಮುಂದೆ ಇದನ್ನೇ ಹೇಳಿ ಜಾಣನೆನಿಸಿಕೊಂಡಿದ್ದೆ. ಹೇಳಬೇಕಾದವಳಿಗೆ ಹೇಳಿರಲಿಲ್ಲ.

"ಗುಟ್ಟು ಅಂತ ಹೇಳಿದ್ದೆನಲ್ಲ ದೊಡ್ಡಮ್ಮ."

"ಗುಟ್ಟು ನಿನಗೆ, ಪುಟ್ಟಮ್ಮಂಗೆ. ಡೆಲ್ಲಿಗೂ ಗುಟ್ಟಾ? ನಾನು ಹಾಕಿದ್ದು ಅಂತ ಅವರಿಗೆ ಗೊತ್ತಾಗ್ಬೇಡ್ವಾ? ಬರೀ ಸೀಲಿದ್ರೆ ಯಾರ ಹೆಸರಿಗೆ ಬೇಕಾದ್ರೂ ಹೋಗುತ್ತೆ."

ಆಗ ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸರಿಯಾಗಿ ಮಾಡಿದ್ದೀಯ ಅಂತ ಒಂದು ಸುಳ್ಳು ಹೇಳಿದ್ದರೂ ಆಗುತ್ತಿತ್ತು. ನನ್ನ ಕೋಪದ ಬಾಯಿ ಕೇಳಬೇಕಲ್ಲ. ಬೆಳಗಿನಿಂದ ಗುಮಾಸ್ತರ ಮೇಲೆ, ಪುಟ್ಟಮ್ಮನ ಮೇಲೆ, ಪೊಲೀಸಿನವರ ಮೇಲೆ ತುಂಬಿಕೊಂಡಿದ್ದದ್ದೆಲ್ಲ ಆ ಬಡಜೀವದ ಮೇಲೆ ಸುರಿಯಿತು. "ಹಾಳು ಮಾಡಿದೆ ದೊಡ್ಡಮ್ಮ. ಅದನ್ನ ಎಣಿಸೋದೇ ಇಲ್ಲ. ಕಸಕ್ಕೆ ಹಾಕ್ತಾರೆ. ಇಷ್ಟು ದಿನ ಹೇಳಿಕೊಟ್ಟಿದ್ದು ಯಾತಕ್ಕೆ?" ಅಂದೆ. ಜೋರಾಗಿಯೇ ಅಂದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ಯಾರೋ ಒಬ್ಬ, "ಅಜ್ಜಿ ಓಟಿಗೂ ಸಹಿ ಮಾಡೌಳಂತೆ" ಅಂತ ಪಕ್ಕದವನಿಗೆ ಹೇಳಿ ನಕ್ಕ.

ದೊಡ್ಡಮ್ಮನ ಮುಖ ಇಷ್ಟೇ ಇಷ್ಟಾಯಿತು. ನೀಲಿ ಹತ್ತಿದ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ನಾಯಂಡಹಳ್ಳಿ ಹೋಯಿತು, ಬ್ಯಾಟರಾಯನಪುರ ಹೋಯಿತು, ಒಂದು ಬೋರ್ಡನ್ನೂ ಓದಲಿಲ್ಲ.

ಬಾಪೂಜಿನಗರದಲ್ಲಿ ಇಳಿದು ಮತ್ತೆ ನಡೆಯತೊಡಗಿದೆವು. ನನಗೆ ಅಷ್ಟರಲ್ಲಿ ಸಿಟ್ಟೆಲ್ಲ ಇಳಿದು ನಾಚಿಕೆ ಶುರುವಾಗಿತ್ತು. ಚೀಲ ಕೊಡು ಅಂದೆ, ಕೊಡಲಿಲ್ಲ. ಅತ್ತಿಗುಪ್ಪೆ ದಾಟಿದ ಮೇಲೆ ಆಕೆಯೇ ಮಾತಾಡಿದಳು.

"ಮುಂಚೆ ಮೂರು ಸಲ ಬರೀ ಸೀಲು ಒತ್ತಿ ಬಂದಿದ್ದೆ. ಅವು ಲೆಕ್ಕಕ್ಕೆ ಬಂದ್ವಾ?"

"ಬಂದಿರ್ತವೆ."

ಹತ್ತು ಹೆಜ್ಜೆ ಹೋದಮೇಲೆ ಮತ್ತೆ ಕೇಳಿದಳು. "ಪುಟ್ಟಮ್ಮಂದು ಬರುತ್ತಾ?"

ಕೊನೆಯದಕ್ಕೆ ಒತ್ತಿ ಅರ್ಧ ನಿಮಿಷದಲ್ಲಿ ಹೊರಗೆ ಬಂದವಳು ಕಣ್ಣ ಮುಂದೆ ಬಂದಳು. "ಬರುತ್ತೆ," ಅಂದೆ.

"ಹಂಗಾದ್ರೆ ಓದೋದಕ್ಕೆ ಬಂದಮೇಲೆ ಹಾಕಿದ್ದು ಒಂದೇ ಹೋಯ್ತು," ಅಂದಳು. ಬೈಯುವ ದನಿ ಅಲ್ಲ, ಅಳುವ ದನಿಯೂ ಅಲ್ಲ. ಹೊಲಿಗೆ ತಪ್ಪಿದ ಬಟ್ಟೆಯನ್ನು ತಿರುವಿ ನೋಡಿ ಎಲ್ಲಿ ತಪ್ಪಿತು ಅಂತ ತನಗೆ ತಾನೇ ಹೇಳಿಕೊಳ್ಳುವಾಗಿನ ದನಿ. ತಪ್ಪು ನನ್ನದು ದೊಡ್ಡಮ್ಮ, ನಾನು ಹೇಳಿಕೊಡಲಿಲ್ಲ ಅಂದೆ. ಮಾಗಡಿ ರಸ್ತೆ ದಾಟುವಾಗ ಎಂದಿನಂತೆ ನನ್ನ ತೋಳು ಹಿಡಿದುಕೊಂಡಳು. ಎರಡು ಗಂಟೆಗೆ ಮನೆ ಸೇರಿದೆವು. ಓಟು ಹಾಕಿದಿರಾ ಅಂತ ಅಪ್ಪ ಕೇಳಿದರು. "ಹಾಕ್ದೆ," ಅಂದಳು, ಸೀರೆ ಬದಲಾಯಿಸುವುದಕ್ಕೆ ಒಳಗೆ ಹೋದಳು.

ಕೆಲವು ದಿನಗಳಲ್ಲಿ ಫಲಿತಾಂಶ ಬಂತು. ಊರೆಲ್ಲ ಅದೇ ಮಾತು. ಯಾರು ಗೆದ್ದರು ಅನ್ನುವುದು ನಿಮಗೆ ಗೊತ್ತಿರುವುದೇ. ನಾನು ಪೇಪರಿನಲ್ಲಿ ಹುಡುಕಿದ್ದು ಕೆಂಗೇರಿ ಸೇರಿದ್ದ ಕ್ಷೇತ್ರದ ತಿರಸ್ಕೃತ ಮತಗಳ ಸಾಲನ್ನು. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಂಖ್ಯೆ ಇತ್ತು. ಅದರಲ್ಲಿ ಒಂದನ್ನು ಬರೆದ ಕೈ ನನಗೆ ಗೊತ್ತಿತ್ತು. ಯಾರಿಗೆ ಹಾಕಿದ್ದಳು ಅನ್ನುವುದನ್ನು ಆಕೆ ಕೊನೆಯವರೆಗೂ ಹೇಳಲಿಲ್ಲ, ಕೇಳುವ ಮುಖ ನನಗೂ ಉಳಿದಿರಲಿಲ್ಲ.

ಆ ಶನಿವಾರ ಹೊಲಿದ ಕಟ್ಟುಗಳನ್ನು ಕೇಂದ್ರಕ್ಕೆ ಹೊತ್ತುಕೊಂಡು ಹೋಗುವುದಕ್ಕೆ ನಾನೂ ಜೊತೆಗೆ ಹೋದೆ. ಮೇಲ್ವಿಚಾರಕಿ ಚೀಟಿಗೆ ಸೀಲು ಒತ್ತಿ ಮುಂದೆ ಸರಿಸಿದಳು. ದೊಡ್ಡಮ್ಮ ಶಾಯಿಯ ಪ್ಯಾಡನ್ನು ಹತ್ತಿರಕ್ಕೆ ಎಳೆದುಕೊಂಡು, ಎಡಗೈಯ ಹೆಬ್ಬೆಟ್ಟನ್ನು ಅದ್ದಿ, ಸೀಲಿನ ಪಕ್ಕ ಒತ್ತಿದಳು.

"ಯಾಕಮ್ಮ, ಸಹಿ ಮಾಡ್ತಿದ್ರಲ್ಲ," ಅಂದಳು ಮೇಲ್ವಿಚಾರಕಿ.

"ಇದೇ ಇರಲಿ ತಾಯಿ. ಇದು ತಪ್ಪಲ್ಲ," ಅಂದಳು ದೊಡ್ಡಮ್ಮ. ಆಮೇಲೆ ಹೆಬ್ಬೆಟ್ಟಿನವರ ಸಾಲಿನ ಕೊನೆಗೆ ಹೋಗಿ ನಿಂತುಕೊಂಡಳು. ನಾನು ಹಿಂದೆಯೇ ಹೋದೆ. ಆಕೆ ಸೊಂಟದ ಚೀಲದಿಂದ ನನ್ನ ಇಂಕ್ ಪೆನ್ನನ್ನು ತೆಗೆದು, ಸೆರಗಿನಲ್ಲಿ ಒರೆಸಿ, ಕೈಗಿಟ್ಟಳು.

"ಪರೀಕ್ಷೆ ಹತ್ರ ಬಂತಲ್ಲ. ನಿಂಗೇ ಬೇಕಾಗುತ್ತೆ, ಇಟ್ಕೋ."